ನನ್ನ ಹೆಸರಿನ ರುಚಿ

ಮದುವೆಯಾಗಿ ಇಪ್ಪತ್ತೇಳು ವರ್ಷ ಕಳೆದರೂ ನನ್ನ ಹೆಂಡತಿ ನನ್ನ ಹೆಸರನ್ನು ಒಮ್ಮೆಯೂ ನನ್ನ ಕಿವಿಗೆ ಬೀಳುವಂತೆ ಹೇಳಿರಲಿಲ್ಲ. ಇದರಲ್ಲೇನು ವಿಶೇಷ ಎಂದು ಯಾರಾದರೂ ಕೇಳಬಹುದು. ನಮ್ಮ ಕಡೆ ಹೆಂಗಸರು ಗಂಡನ ಹೆಸರು ಹಿಡಿದು ಕರೆಯುವುದು ಕಡಿಮೆ. "ಏನ್ರಿ" ಎಂದರೆ ಸಂಸಾರ ನಡೆದುಹೋಗುತ್ತದೆ. ಆದರೆ ಹೇಳಲೇಬೇಕಾದ ಹೊತ್ತೂ ಬರುತ್ತದೆ. ಮದುವೆ, ಕುಬಸ, ತೊಟ್ಟಿಲ ಕಾರ್ಯಗಳಲ್ಲಿ ಹೆಂಗಸರು ಸುತ್ತುಗಟ್ಟಿ ಕುಳಿತು "ಒಡಪು ಹೇಳು" ಎಂದು ಪಟ್ಟು ಹಿಡಿಯುತ್ತಾರೆ. ಆಗ ಎರಡು ಸಾಲಿನ ಪ್ರಾಸ ಕಟ್ಟಿ ಅದರೊಳಗೆ ಗಂಡನ ಹೆಸರನ್ನು ಸೇರಿಸಿ ಹೇಳಬೇಕು. ಎಂಥ ನಾಚಿಕೆಯವರೂ ಸೆರಗು ಬಾಯಿಗೆ ಒತ್ತಿಕೊಂಡು ಹೇಳಿಬಿಡುತ್ತಾರೆ. ಇವಳು ಮಾತ್ರ ಅಲ್ಲೂ ಹೇಳಿದವಳಲ್ಲ.

ಹಂಪಿಯಲ್ಲಿ ತಾಳಿ ಕಟ್ಟಿ, ಊಟ ಮುಗಿಸಿ, ಹೊಸಪೇಟೆಯ ಚಿತ್ತವಾಡ್ಗಿಯಲ್ಲಿರುವ ನಮ್ಮ ಮನೆಗೆ ಬಂದಾಗ ನನ್ನ ಅಕ್ಕ ಬಾಗಿಲಿಗೆ ಅಡ್ಡ ನಿಂತಳು. ಹೆಸರು ಹೇಳಿದರೇ ಒಳಗೆ ಪ್ರವೇಶ. ಮದುಮಗಳು ತುಟಿ ಬಿಗಿದು ನೆಲ ನೋಡುತ್ತ ನಿಂತಳು. ಏಪ್ರಿಲ್ ತಿಂಗಳ ಹೊಸಪೇಟೆ ಬಿಸಿಲು, ನನ್ನ ಹಣೆಯ ಮೇಲೆ ಬಾಸಿಂಗ, ಕಾಲ ಕೆಳಗೆ ಕಾದ ಕಲ್ಲು. ಅರ್ಧ ಗಂಟೆ ಹಾಗೇ ನಿಂತೆವು. ಕಡೆಗೆ ನನ್ನ ಅವ್ವನೇ ಸೋತಳು. "ಬಿಡಬೇ, ಒಳಗ ಬರ್ಲಿ. ಇಷ್ಟು ಕಾಡಿದ್ರೂ ಗಂಡನ ಹೆಸ್ರು ಬಾಯಿಗೆ ತರವಲ್ಲಳು ಅಂದ್ರ ಎಂಥಾ ಮನಿತನದಾಗ ಬೆಳದಿರಬೇಕು" ಎಂದಳು. ಆ ಒಂದು ಮಾತಿನಿಂದ ನನ್ನ ಹೆಂಡತಿಗೆ ಓಣಿಯಲ್ಲೆಲ್ಲ ಒಳ್ಳೆಯ ಹೆಸರು ಬಂತು.

ಅವ್ವ ಆಮೇಲೆ ಆ ಹೆಸರಿಗೆ ಇನ್ನೆರಡು ಸಾಕ್ಷಿ ಕೂಡಿಸಿಕೊಂಡಳು. ಒಂದು ಹೊಲಿಗೆ ಯಂತ್ರದ ವಿಷಯ. ನನ್ನ ಹೆಂಡತಿ ಮನೆಯಲ್ಲೇ ಕುಬಸ, ಅಂದರೆ ರವಿಕೆ, ಹೊಲಿಯುತ್ತಾಳೆ. ಪಾಪ, ಕಾಲು ನೋಯುತ್ತವೆಂದು ನಾನು ಒಂದು ದೀಪಾವಳಿಗೆ ಆ ಯಂತ್ರಕ್ಕೆ ಕರೆಂಟಿನ ಮೋಟಾರು ಕೂಡಿಸಿಕೊಟ್ಟೆ. ಎರಡೇ ದಿನಕ್ಕೆ ಬಿಚ್ಚಿಸಿ ಮತ್ತೆ ಕಾಲಿನಿಂದ ತುಳಿಯಲು ಕುಳಿತಳು. "ಕರೆಂಟ್ ಬಿಲ್ಲಿನ ಚಿಂತಿ ನಮ್ಮ ಸೊಸಿಗೆ" ಎಂದು ಅವ್ವ ಹೇಳಿಕೊಂಡು ಬಂದಳು. ಇನ್ನೊಂದು ನಮ್ಮ ಮಗಳು ಹೊಟ್ಟೆಯಲ್ಲಿದ್ದಾಗಿನದು. ಆಗ ಇವಳು ದಿನಾ ಮಧ್ಯಾಹ್ನ ಒಣ ಹಾಕಿದ ಹಪ್ಪಳ ನೋಡುವ ನೆಪದಲ್ಲಿ ಮಾಳಿಗೆ ಹತ್ತಿ, ಗೋಡೆಗೆ ಒರಗಿ, ಕಣ್ಣು ಮುಚ್ಚಿ ಏನೋ ಪಿಟಿಪಿಟಿ ಅನ್ನುತ್ತಿದ್ದಳಂತೆ. ಜಪವೇನು ಎಂದು ಕೇಳಿದ್ದಕ್ಕೆ ಹೂಂ ಎಂದಳಂತೆ. ಬಸುರಿ ಹೆಂಗಸು ದಿನಕ್ಕೆ ಅರ್ಧ ತಾಸು ಜಪ ಮಾಡುತ್ತಾಳೆ ಎಂಬ ಸುದ್ದಿ ಪಾಪಿನಾಯಕನಹಳ್ಳಿಯ ನೆಂಟರವರೆಗೂ ಹೋಯಿತು. ಅವ್ವನಿಗೆ ಈಗ ಎಂಬತ್ತರ ಮೇಲಾಯಿತು, ಆ ಜಪದ ಮಾತು ಇನ್ನೂ ಆಡುತ್ತಾಳೆ. ನಾನು ಬರೆದದ್ದನ್ನು ಅವಳು ಓದುವುದಿಲ್ಲ. ಹಾಗಾಗಿ ಧೈರ್ಯವಾಗಿ ಇದನ್ನು ಬರೆಯುತ್ತಿದ್ದೇನೆ.

ನನ್ನ ಬಗ್ಗೆಯೂ ಎರಡು ಮಾತು ಹೇಳಬೇಕು. ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವನು. ಬಿಡುವಿನಲ್ಲಿ ವೈಜ್ಞಾನಿಕ ಕಥೆ ಬರೆಯುತ್ತೇನೆ. ಒಂದು ಮಾಸಪತ್ರಿಕೆಯವರು ವರ್ಷಕ್ಕೆ ಎರಡೋ ಮೂರೋ ಕಥೆ ಹಾಕುತ್ತಾರೆ. ಅಷ್ಟಕ್ಕೇ ನಾನು ಸ್ಟಾಫ್ ರೂಮಿನಲ್ಲಿ ಎದೆಯುಬ್ಬಿಸಿ ಓಡಾಡುತ್ತೇನೆ ಎಂದು ಜೊತೆಯವರು ಆಡಿಕೊಳ್ಳುವುದು ಸುಳ್ಳಲ್ಲ. ಹೋದ ವರ್ಷ ನನ್ನ ತಲೆಗೆ ಹೊಕ್ಕ ವಿಷಯ ಇಂದ್ರಿಯಗಳ ಬೆರಕೆ. ಕೆಲವರಿಗೆ ಶಬ್ದ ಕೇಳಿದರೆ ಬಣ್ಣ ಕಾಣುತ್ತದೆ, ಅಕ್ಷರ ಓದಿದರೆ ನಾಲಿಗೆಗೆ ರುಚಿ ಹತ್ತುತ್ತದೆ. ಇಂಗ್ಲಿಷಿನವರು ಇದನ್ನು ಸಿನೆಸ್ತೇಷಿಯಾ ಎನ್ನುತ್ತಾರೆ. ವೈಜ್ಞಾನಿಕ ಕಥೆಗಾರರಿಗೆ ಇದು ಹಳೆಯ ಮೋಹ. ನಾನು ಓದಿದ ಇಂಥ ಕಥೆಗಳಲ್ಲೆಲ್ಲ ಇಂದ್ರಿಯಗಳು ಕಲಸಿಹೋಗಬೇಕಾದರೆ ಮೊದಲು ಒಂದು ಅಪಘಾತ ಆಗಬೇಕು. ವಿಕಿರಣ ಸೋರಬೇಕು, ಇಲ್ಲವೆ ಯಾರಾದರೂ ಮಿದುಳಿಗೆ ಚಿಪ್ ಕೂರಿಸಬೇಕು, ಇಲ್ಲವೆ ನೌಕೆ ದಿಕ್ಕು ತಪ್ಪಿ ಯಾವುದೋ ಗ್ರಹಕ್ಕೆ ಹೋಗಿ ಬೀಳಬೇಕು. ಆಮೇಲೆ ನಾಯಕನಿಗೆ ಹುಚ್ಚು ಹಿಡಿಯಬೇಕು, ಹಿಡಿಯದಿದ್ದರೆ ಅವನು ಲೋಕವನ್ನು ಕಾಪಾಡಬೇಕು. ಸಂತೆಗೆ ಹೋಗಿ ಬದನೆಕಾಯಿ ಆರಿಸುವ ಒಬ್ಬನೇ ಒಬ್ಬ ನಾಯಕನನ್ನು ನಾನು ಕಂಡಿಲ್ಲ.

ನಾನೂ ಅದೇ ದಾರಿ ಹಿಡಿದೆ. ನನ್ನ ನೌಕೆಯೂ ದಿಕ್ಕು ತಪ್ಪಿತು. ಅದು ಇಳಿದ ಗ್ರಹದ ಗಾಳಿ ಕುಡಿದವರಿಗೆ ಶಬ್ದಗಳೆಲ್ಲ ರುಚಿಯಾಗಿ ನಾಲಿಗೆಗೆ ತಾಕುತ್ತಿದ್ದವು. ಕೊಳಲು ಜೇನುತುಪ್ಪ, ಗಂಟೆ ಸಕ್ಕರೆ, ಗುಡುಗು ಮೆಣಸಿನಕಾಯಿ. ಕಡೆಗೆ ಭೂಮಿಗೆ ಮರಳಿದಾಗ ಎಲ್ಲರಿಗೂ ಗುಣವಾಗುತ್ತದೆ. ಬರೆದು ಮುಗಿಸಿ, ನಾನೇ ಎರಡು ಸಲ ಓದಿ ಮೆಚ್ಚಿಕೊಂಡು, ಎಂದಿನಂತೆ ಹೆಂಡತಿಯ ಕೈಗೆ ಕೊಟ್ಟೆ. ನನ್ನ ಕಥೆಗಳನ್ನು ಮೊದಲು ಓದುವವಳು ಅವಳೇ.

ಅವಳು ಒಂದು ಕುಬಸಕ್ಕೆ ಗುಂಡಿಯ ಕಾಜಾ ಹಾಕುತ್ತ, ನಡುನಡುವೆ ಹಾಳೆ ತಿರುವುತ್ತ ಓದಿದಳು. ಮೂರನೇ ಹಾಳೆಗೆ ನಗು ಬಂತು. ಐದನೇ ಹಾಳೆಗೆ ಸೂಜಿ ಕೆಳಗಿಟ್ಟಳು.

"ಇದನ್ನ ಯಾರನ್ನ ಕೇಳಿ ಬರದ್ರಿ?"

"ಯಾರನ್ನ ಕೇಳಬೇಕು? ಕಲ್ಪನೆ ಇದು."

"ಜೇನುತುಪ್ಪ, ಸಕ್ರಿ, ಮೆಣಸಿನಕಾಯಿ. ಬಾಳಿ ಎಲಿ ಮ್ಯಾಲೆ ಬಡಿಸಿದಂಗ ಜೋಡ್ಸಿಟ್ಟೀರಲ್ರಿ. ಹಂಗ ಇರಂಗಿಲ್ಲ ಅದು."

"ಮತ್ತ ಹೆಂಗಿರತೈತಿ?"

"ಕೊಳಲು ಅಂದ್ರ ಹಸೇ ಬಟಾಟಿ" ಎಂದು ಹಲ್ಲಿನಿಂದ ದಾರ ಕಡಿದಳು.

ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡೆ. ಗುಡಿಯ ಗಂಟೆ ಹೇಗೆ ಎಂದೆ. ಉಪ್ಪು ಹಾಕದ ಗಂಜಿ ಎಂದಳು, ಯೋಚನೆಯನ್ನೇ ಮಾಡದೆ. ಆಟೋ? ಸೀದ ಹಾಲು. ಗುಡುಗು? "ಅದಕ್ಕೇನೂ ಇಲ್ಲ. ಎಲ್ಲಾದಕ್ಕೂ ಇರಬೇಕಂತ ಕಾನೂನು ಐತೇನು?" ಹೊಲಿಗೆ ಯಂತ್ರ? ಆಗ ಅವಳ ಮುಖ ಅರಳಿತು. ತುಳಿದರೆ ಹುರಿದ ಕಡಲೆಯಂತೆ. ಮೋಟಾರು ಹಾಕಿದರೆ ಬಟ್ಟೆ ಸೋಪು. ಹದಿನೈದು ವರ್ಷಗಳ ಹಿಂದಿನ ದೀಪಾವಳಿ ನನಗೆ ಆ ಗಳಿಗೆಯಲ್ಲಿ ಅರ್ಥವಾಯಿತು. ಫೋನಿಗೆ ಮೆಸೇಜು ಬಂದಾಗಿನ ಟಿಂಗ್ ಶಬ್ದವೂ ಸೋಪಂತೆ. ಅದಕ್ಕೇ ಅವಳ ಫೋನು ಸದಾ ಮೂಕವಾಗಿ ದಿಂಬಿನ ಕೆಳಗೆ ಬಿದ್ದಿರುವುದು, ಅದಕ್ಕಾಗಿ ನಾನು ಎಷ್ಟೋ ಸಲ ಕೂಗಾಡಿರುವುದು.

"ಇಷ್ಟು ವರ್ಷ ನಂಗ್ಯಾಕ ಹೇಳಲಿಲ್ಲ?"

"ನಿಮ್ಗೂ ಇರತೈತಿ, ಹೇಳ್ಕೊಳಂಗಿಲ್ಲ ಅಷ್ಟ ಅಂದ್ಕೊಂಡಿದ್ದೆ. ಸಾಲ್ಯಾಗ ಒಬ್ಬಾಕಿಗೆ, ನಿನ್ ಹೆಸ್ರು ಉಳ್ಳಾಗಡ್ಡಿ ಹಂಗೈತಿ ಅಂದಿದ್ದೆ. ಜಡಿ ಹಿಡದು ಎಳದಾಡಿದ್ಲು. ಅವತ್ತಿಂದ ಬಿಟ್ಟೆ."

ವಿಜ್ಞಾನ ಕಲಿಸುವವನು ನಾನು, ಸುಮ್ಮನೆ ನಂಬಲಾದೀತೆ? ಅವತ್ತೇ ನಲವತ್ತು ಶಬ್ದ, ಊರು, ಹೆಸರುಗಳನ್ನು ಕೇಳಿ ರುಚಿಗಳನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಒಂದು ತಿಂಗಳು ಬಿಟ್ಟು, ಅವಳು ಅಕ್ಕಿ ಆರಿಸುತ್ತಿದ್ದಾಗ ಸುಳಿವು ಕೊಡದೆ ಮತ್ತೆ ಕೇಳಿದೆ. ಕಂಪ್ಲಿ ಎಂದರೆ ಹುಣಸೆ ಬೀಜ, ಆಗಲೂ ಹುಣಸೆ ಬೀಜ. ಹೊಸಪೇಟೆ ಎಂದರೆ ಆರಿದ ಇಡ್ಲಿ, ಆಗಲೂ ಆರಿದ ಇಡ್ಲಿ. ಪಾಪಿನಾಯಕನಹಳ್ಳಿಗೆ ಬಂದಾಗ "ಅದು ಭಾಳ ಉದ್ದ ಐತ್ರಿ, ಹೇಳಿ ಮುಗ್ಸೂದ್ರಾಗ ಒಂದು ಊಟ ಆಗತೈತಿ, ಹೋದ ಸಲಾನೂ ಇದ ಹೇಳಿದ್ನೆಲ್ಲ" ಎಂದು ಬೈದಳು. ನಲವತ್ತಕ್ಕೆ ನಲವತ್ತೂ ಸರಿ. ನನ್ನ ವಿದ್ಯಾರ್ಥಿಗಳಲ್ಲಿ ಯಾರೂ ನನಗೆ ಅಂಥ ಸಂತೋಷ ಕೊಟ್ಟಿಲ್ಲ.

ಅವಳೇ ಒಂದು ನಿಯಮವನ್ನೂ ಹೇಳಿದಳು. ಬೇರೆಯವರು ಒಂದು ಮಾತು ಅಂದರೆ ದೂರದಿಂದ ಅಡುಗೆಯ ವಾಸನೆ ಬಂದಷ್ಟೇ. ತಾನೇ ಬಾಯಿಬಿಟ್ಟು ಅಂದರೆ ತುತ್ತು ಬಾಯಲ್ಲಿ ಇಟ್ಟುಕೊಂಡ ಹಾಗೆ.

ಆ ಮಾತು ಕೇಳಿದ ಕೂಡಲೇ ನನ್ನ ತಲೆಯಲ್ಲಿ ಒಂದು ಪ್ರಶ್ನೆ ಎದ್ದಿತು. ಅದು ಮೊದಲೇ ಏಳಬೇಕಿತ್ತು, ನಾನು ಸ್ವಲ್ಪ ಮಂದ.

"ಹಂಗಾದ್ರ ನನ್ನ ಹೆಸ್ರು?"

ಅಕ್ಕಿಯ ಮೊರದ ಮೇಲೆ ಅವಳ ಕೈ ನಿಂತಿತು. "ಅದೊಂದು ಕೇಳಬ್ಯಾಡ್ರಿ."

"ಯಾಕ?"

"ಬ್ಯಾಡಂದ್ರ ಬ್ಯಾಡ" ಎಂದು ಮೊರ ಎತ್ತಿಕೊಂಡು ಒಳಗೆ ಹೋದಳು.

ಅಲ್ಲಿಂದ ಶುರುವಾಯಿತು ನನ್ನ ಕಷ್ಟ. ಇಪ್ಪತ್ತೇಳು ವರ್ಷ ಪತಿಭಕ್ತಿ ಎಂದುಕೊಂಡಿದ್ದು ಬರೀ ನಾಲಿಗೆಯ ಅಸಹ್ಯವೇ? ಹೊಸ್ತಿಲ ಮುಂದೆ ಆ ಬಿಸಿಲಲ್ಲಿ ತುಟಿ ಬಿಗಿದು ನಿಂತವಳು ನಾಚಿಕೆಯಿಂದ ನಿಂತಿರಲಿಲ್ಲ, ವಾಕರಿಕೆ ತಡೆದುಕೊಂಡು ನಿಂತಿದ್ದಳೇ? ನೋಟ್‌ಬುಕ್ ತೆಗೆದು ಕುಳಿತೆ. ನನ್ನ ಹೆಸರಿಗೆ ಹತ್ತಿರದ ಹೆಸರುಗಳನ್ನು ಹುಡುಕಿ ಕೋಷ್ಟಕ ಹಾಕಿದೆ. ಪಾಪಿನಾಯಕನಹಳ್ಳಿಯ ನನ್ನ ಚಿಗಪ್ಪನ ಮಗನ ಹೆಸರು ನನ್ನದಕ್ಕೆ ಎಲ್ಲಕ್ಕಿಂತ ಹತ್ತಿರದ್ದು. ಅದು ಸೀಮೆಎಣ್ಣೆ. ನನ್ನದು ಸೀಮೆಎಣ್ಣೆಯೋ ಅದಕ್ಕಿಂತ ಕೆಟ್ಟದ್ದೋ ಎಂಬಲ್ಲಿಗೆ ನನ್ನ ವಿಜ್ಞಾನ ಬಂದು ನಿಂತಿತು. ರುಚಿಗೂ ಅಕ್ಷರಕ್ಕೂ ನೇರ ಲೆಕ್ಕವಿಲ್ಲವೆಂದು ಅವಳೇ ಹತ್ತು ಸಲ ಹೇಳಿದ್ದಳು, ಆದರೂ ಮನಸ್ಸು ಕೇಳಬೇಕಲ್ಲ. ಕಾಲೇಜಿನಲ್ಲಿ ಹಾಜರಿ ಕೂಗುವಾಗ ಒಂದೊಂದು ಹೆಸರಿಗೂ ನಿಂತು, ಇದು ಯಾವ ರುಚಿಯೋ, ಯಾವ ಪುಣ್ಯವಂತನೋ ಎಂದು ಹೊಟ್ಟೆ ಉರಿದುಕೊಳ್ಳುತ್ತಿದ್ದೆ.

ನನಗೆ ಬೇಕಾಗಿದ್ದದ್ದು ದೊಡ್ಡದೇನಲ್ಲ. ನನ್ನ ಹೆಸರು ಒಮ್ಮೆ ಅವಳ ಬಾಯಿಂದ ಕೇಳಬೇಕು, ಅದೂ ಅವಳು ಮುಖ ಕಿವುಚದೆ ಹೇಳಬೇಕು. ಐವತ್ತು ದಾಟಿದವನಿಗೆ ಇದೆಂಥ ಆಸೆ ಎಂದರೆ ಏನು ಹೇಳಲಿ, ಇತ್ತು.

ಅತ್ತ ಕಥೆ ತಿದ್ದುವ ಕೆಲಸವೂ ನಡೆದಿತ್ತು. ಜೇನುತುಪ್ಪ ಹೋಗಿ ಹಸಿ ಬಟಾಟೆ ಬಂತು. ನಾಯಕ ಮೊದಲ ಸಲ ಶಬ್ದದ ರುಚಿ ಕಂಡಾಗ ಬೆರಗಾಗಿ ನಕ್ಷತ್ರ ನೋಡುತ್ತಾನೆ ಎಂದು ಬರೆದಿದ್ದೆ. "ನಕ್ಷತ್ರ ಯಾಕ ನೋಡ್ತಾನ? ಇಂಜಿನ್ ಬಂದ್ ಮಾಡ್ರೋ, ಬಾಯಿ ಕೆಟ್ಟೈತಿ ಅಂತಾನ" ಎಂದಳು. ಹಾಗೇ ಹಾಕಿದೆ. ಕಡೆಯಲ್ಲಿ ಎಲ್ಲರಿಗೂ ಗುಣವಾಗುವುದನ್ನು ಮಾತ್ರ ಬಿಡಲು ನನಗೆ ಮನಸ್ಸಿರಲಿಲ್ಲ. ಅವಳು ಬಿಡಲಿಲ್ಲ. "ಯಾರು ಅಳ್ಕೋತ ಬಂದಿದ್ರು ಅಂತ ಗುಣ ಮಾಡ್ತೀರಿ?" ಎಂದಳು. ನನ್ನ ಗಗನಯಾತ್ರಿಗಳು ಗುಣವಾಗದೆ ಮನೆಗೆ ಬಂದರು, ಹೆಂಡಿರು ಮಕ್ಕಳ ಮಾತು ಸವಿಯುತ್ತ ಉಳಿದರು.

ಕಥೆ ಕಳಿಸುವ ದಿನ ನಾನೊಂದು ಘನಕಾರ್ಯ ಮಾಡಿದೆ. ನನ್ನ ಹೆಸರು ಹೊಡೆದುಹಾಕಿ ಒಂದು ಕಾವ್ಯನಾಮ ಬರೆದೆ. ಇಷ್ಟು ವರ್ಷ ಪತ್ರಿಕೆ ಬಂದಾಗಲೆಲ್ಲ ಅವಳು ಕಥೆಯ ಹಾಳೆ ತೆಗೆದು, ನನ್ನ ಹೆಸರಿನ ಮೇಲೆ ಬೆರಳಿಟ್ಟು ಒಂದು ಕ್ಷಣ ಕುಳಿತು, ಮಡಚಿಡುತ್ತಿದ್ದಳು. ಪಾಪ, ಆ ಹಿಂಸೆಯಾದರೂ ತಪ್ಪಲಿ ಎಂಬುದು ನನ್ನ ತ್ಯಾಗಬುದ್ಧಿ. ಪತ್ರಿಕೆ ಬಂತು. ಅವಳು ಹಾಳೆ ತೆಗೆದು, "ಇದ್ಯಾರ್ರಿ?" ಎಂದಳು.

"ನಾನ. ಕಾವ್ಯನಾಮ. ಹೆಂಗೈತಿ ರುಚಿ?"

"ಸಪ್ಪಗೈತಿ" ಎಂದು ಪತ್ರಿಕೆಯನ್ನು ಯಂತ್ರದ ಕೆಳಗೆ ತಳ್ಳಿದಳು. ಎರಡು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಹೆಣ್ಣುಮಕ್ಕಳ ಮನಸ್ಸು ತಿಳಿಯುವುದಕ್ಕಿಂತ ಭೌತಶಾಸ್ತ್ರವೇ ಸುಲಭ ಎಂದು ನಾನೂ ಮುಖ ಊದಿಸಿಕೊಂಡು ತಿರುಗಿದೆ.

ಅಷ್ಟರಲ್ಲಿ ಮಗಳ ಕುಬಸ ಬಂತು. ಅವಳನ್ನು ಕಂಪ್ಲಿಗೆ ಕೊಟ್ಟಿದ್ದೇವೆ. ಬೀಗರದು ಅಕ್ಕಿ ಗಿರಣಿ, ಅದರ ಪಕ್ಕದಲ್ಲೇ ಮನೆ. ಬಸುರಿಗೆ ಏಳನೇ ತಿಂಗಳಲ್ಲಿ ಹಸಿರು ಸೀರೆ ಉಡಿಸಿ, ಹಸಿರು ಕುಬಸ ತೊಡಿಸಿ, ಬಯಕೆಯ ಅಡುಗೆ ಉಣ್ಣಿಸುವ ಕಾರ್ಯ ಅದು. ಆ ಕುಬಸವನ್ನು ತನ್ನ ಅವ್ವನೇ ಹೊಲಿಯಬೇಕೆಂದು ಮಗಳ ಹಟ. ಹದಿನೈದು ದಿನ ನಮ್ಮ ಮನೆಯಲ್ಲಿ ಹುರಿದ ಕಡಲೆಯ ಸುಗ್ಗಿ. ಬುತ್ತಿ ಕಟ್ಟಿಕೊಂಡು, ಬಳೆ, ಹೂವು, ಐದು ಥರದ ಹಣ್ಣು ಹೊತ್ತು ಬಸ್ಸಿನಲ್ಲಿ ಹೋದೆವು.

ಆರತಿ ಆಯಿತು, ಉಡಿ ತುಂಬಿದ್ದಾಯಿತು. ಹೆಂಗಸರೆಲ್ಲ ಪಡಸಾಲೆಯಲ್ಲಿ ಕುಳಿತರು. ನಾನು ಬಾಗಿಲ ಬಳಿ ಎಲೆ ಅಡಿಕೆಯ ತಾಟು ಹಿಡಿದು ನಿಂತಿದ್ದೆ. ಬೀಗತಿ ನನ್ನ ಹೆಂಡತಿಯ ಕಿವಿಯ ಹತ್ತಿರ ಬಂದು, ಇಡೀ ಪಡಸಾಲೆಗೆ ಕೇಳುವಷ್ಟು ಮೆಲ್ಲಗೆ ದೂರು ಹೇಳಿದರು.

"ನಿಮ್ ಮಗಳು ಮಣ್ಣು ತಿಂತಾಳ್ರಿ. ತುಳಸಿ ಕುಂಡದಾಗಿನ ಮಣ್ಣು. ಡಾಕ್ಟ್ರಮ್ಮ ಗುಳಿಗಿ ಕೊಟ್ಟಾಳ, ಆದ್ರೂ ಕದ್ದು ಹೋಗಿ ಚಿಟಿಕಿ ಹಾಕ್ಕೊಂತಾಳ. ನೀವ ಬುದ್ಧಿ ಹೇಳ್ರಿ."

ಮಗಳು ತಲೆ ತಗ್ಗಿಸಿದಳು. ನನ್ನ ಹೆಂಡತಿ ಬುದ್ಧಿ ಹೇಳುತ್ತಾಳೆಂದು ನಾವೆಲ್ಲ ಕಾದರೆ, ಅವಳು ಮಗಳ ಗಲ್ಲ ಹಿಡಿದೆತ್ತಿ ನಕ್ಕುಬಿಟ್ಟಳು. ಆ ನಗುವನ್ನು ನಾನು ಎಂದೂ ನೋಡಿರಲಿಲ್ಲ. ಕದ್ದವರಿಬ್ಬರು ಸಂತೆಯಲ್ಲಿ ಒಬ್ಬರನ್ನೊಬ್ಬರು ಗುರುತಿಸಿದಂತಿತ್ತು.

ಆಮೇಲೆ ಒಡಪಿನ ಸರದಿ. ಮಗಳು ಹೇಳಿದಳು, ಬೀಗತಿ ಹೇಳಿದರು, ಗಿರಣಿಯ ಅಕ್ಕಿಗೂ ಗಂಡನ ಮೀಸೆಗೂ ಪ್ರಾಸ ಕೂಡಿಸಿ ಒಬ್ಬರು ಹೇಳಿದ್ದಕ್ಕೆ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಸುತ್ತಿ ಸುತ್ತಿ ನನ್ನ ಹೆಂಡತಿಯ ಹತ್ತಿರ ಬಂತು. ಬೀಗರ ಮನೆ, ಇಲ್ಲಿ ಹೇಳದಿದ್ದರೆ ಸೊಕ್ಕು ಎನ್ನುತ್ತಾರೆ, ಹೇಳಿದರೆ ನಾಲ್ಕು ಜನರ ಎದುರು ಅವಳು ಸೀಮೆಎಣ್ಣೆ ಕುಡಿಯಬೇಕು. ನನಗೆ ತಡೆಯಲಾಗಲಿಲ್ಲ. ತಾಟು ಹಿಡಿದೇ ಎರಡು ಹೆಜ್ಜೆ ಮುಂದೆ ಬಂದೆ.

"ಬಿಡ್ರಿ, ಆಕಿ ಹೇಳಂಗಿಲ್ಲ. ಆಕಿಗೆ ಆಗಂಗಿಲ್ಲ ಅದು" ಎಂದೆ.

ಹೆಂಗಸರೆಲ್ಲ ಗೊಳ್ಳೆಂದರು. ಗಂಡಸರಿಗೇನು ಕೆಲಸ ಇಲ್ಲಿ ಎಂದು ಯಾರೋ ಅಂದರು. ನನ್ನ ಹೆಂಡತಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ನೀವು ಸುಮ್ನ ನಿಂದರ್ರಿ" ಎಂದಳು. ಸೆರಗು ಸರಿಮಾಡಿಕೊಂಡು, ಮಗಳ ಕೈ ಹಿಡಿದುಕೊಂಡು, ಗಟ್ಟಿಯಾಗಿ ಹೇಳಿದಳು:

"ಸಂಡೂರು ಗುಡ್ಡದ ಮಣ್ಣು, ತಿಂದೋರಿಗೇ ಗೊತ್ತು;
ನಮ್ಮ ……… ಅವರ ಹೆಸರು, ಬಾಯಾಗಿಟ್ಟ ತುತ್ತು."

ಚುಕ್ಕಿ ಇಟ್ಟ ಜಾಗದಲ್ಲಿ ನನ್ನ ಹೆಸರಿತ್ತು. ಅದನ್ನು ಅವಳು ಅವಸರದಲ್ಲಿ ದಾಟಲಿಲ್ಲ. ಒಂದೊಂದು ಅಕ್ಷರಕ್ಕೂ ನಿಂತು ನಿಂತು ಹೇಳಿದಳು, ಹೇಳಿ ಮುಗಿಸಿ ತುಟಿ ಮುಚ್ಚಿ ಗುಟುಕರಿಸಿದಳು. ಮಣ್ಣಿಗೂ ಗಂಡನ ಹೆಸರಿಗೂ ಏನು ಸಂಬಂಧ ಎಂದು ಹೆಂಗಸರು ನಕ್ಕರು, ಆದರೂ ಚಪ್ಪಾಳೆ ತಟ್ಟಿದರು. ನನ್ನ ಕೈಯಲ್ಲಿದ್ದ ತಾಟು ವಾಲಿ ಅಡಿಕೆಯೆಲ್ಲ ನೆಲದ ಪಾಲಾಯಿತು. ಬಾಗಿ ಆರಿಸುತ್ತ ಕುಳಿತೆ, ಮುಖ ಮುಚ್ಚಿಕೊಳ್ಳಲು ಒಳ್ಳೆಯದೇ ಆಯಿತು.

ಸಂಜೆ ಹೊಸಪೇಟೆಯ ಬಸ್ಸಿನಲ್ಲಿ ಅವಳು ಕಿಟಕಿಯ ಪಕ್ಕ ಕುಳಿತು ತಾನಾಗಿಯೇ ಹೇಳಿದಳು. ಅವಳು ಹುಟ್ಟಿ ಬೆಳೆದದ್ದು ಸಂಡೂರಿನ ಹತ್ತಿರದ ಯಶವಂತನಗರದಲ್ಲಿ. ಅಪ್ಪ ಅದಿರಿನ ಲಾರಿ ಓಡಿಸುತ್ತಿದ್ದರು. ಸಂಜೆ ಲಾರಿ ಬಂದು ನಿಂತರೆ ಗಾಲಿಗೆ ಮೆತ್ತಿದ ಕೆಂಪು ಮಣ್ಣನ್ನು ಉಗುರಿನಿಂದ ಕೆರೆದು ತಿನ್ನುತ್ತಿದ್ದಳಂತೆ. ಮೊದಲ ಮಳೆ ಬಿದ್ದ ದಿನವಂತೂ ಹಬ್ಬ. ಅವಳ ಅವ್ವ ಬೆರಳಿಗೆ ಬೇವಿನ ಸೊಪ್ಪು ಅರೆದು ಹಚ್ಚಿದರು, ಬಾರಿಸಿದರು. ಕಡೆಗೆ ಜಡ್ಡು ಬಿದ್ದು ಎದ್ದ ಮೇಲೆ, ಇನ್ನು ಬಾಯಿಗೆ ಹಾಕುವುದಿಲ್ಲ ಎಂದು ತಮ್ಮ ಕಾಲು ಮುಟ್ಟಿಸಿ ಮಾತು ತೆಗೆದುಕೊಂಡರು.

"ನನ್ನ ನೋಡಾಕ ಬಂದಾಗ ನಿಮ್ ಚಿಗಪ್ಪಾರು ಹುಡುಗನ ಹೆಸ್ರು ಇಂಥದ್ದು ಅಂದ್ರು. ಅದ ಕೆಂಪು ಮಣ್ಣಿನ ರುಚಿ, ಬಾಯಿ ತುಂಬ ನೀರು ಬಂತು. ತಲಿ ತಗ್ಗಿಸಿ ನುಂಗಿದೆ."

"ನಾನು ಎಂಎಸ್ಸಿ ಅಂತ ಒಪ್ಪಿದಿ ಅಂದ್ಕೊಂಡಿದ್ದೆ."

"ಎಂಎಸ್ಸಿ ಬೆಲ್ಟಿನ ಚರ್ಮ ಇದ್ದಂಗೈತಿ" ಎಂದಳು.

"ಮತ್ತ ಹೆಸ್ರು ಯಾಕ ಹೇಳಲಿಲ್ಲ?"

"ಅವ್ವಗ ಮಾತು ಕೊಟ್ಟಿದ್ನೆಲ್ರಿ. ಹೇಳಿದ್ರ ತಿಂದಂಗ ಅಲ್ಲೇನು? ಅದೂ ಅಲ್ದ, ಒಮ್ಮೆ ಶುರು ಆತಂದ್ರ ಬಿಡಂಗಿಲ್ಲ ಅಂತ ಅಂಜಿಕಿ. ಇವತ್ತು ಮಗಳ ಮಾರಿ ನೋಡಿ, ಹೋಗ್ಲಿ ಬಿಡು ಅನ್ನಿಸ್ತು."

ಬಸ್ಸು ಕಾಲುವೆಯ ಸೇತುವೆ ದಾಟಿತು. ಆಮೇಲೆ ಅವಳು ಹೊರಗೆ ನೋಡುತ್ತಲೇ, "ಒಮ್ಮೆ ಮಾತ್ರ ಮಾತು ತಪ್ಪೇನಿ" ಎಂದಳು. "ಈಕಿ ಹೊಟ್ಟ್ಯಾಗಿದ್ದಾಗ ತಡ್ಕೊಳಾಕ ಆಗಲಿಲ್ಲ. ಮಣ್ಣು ತಿಂದ್ರ ಕೂಸಿಗೆ ಕೆಟ್ಟದ್ದಂತ, ದಿನಾ ಮಾಳಿಗಿ ಹತ್ತಿ ನಿಮ್ ಹೆಸ್ರು…"

ನನಗೆ ಅರ್ಥವಾಗಲು ಎರಡು ಗಳಿಗೆ ಬೇಕಾಯಿತು. "ಅವ್ವ ಅದನ್ನ ಜಪ ಅಂತಾಳಲ್ಲ."

"ಅತ್ತಿಯವ್ರು ಜಪ ಏನವಾ ಅಂದ್ರು, ನಾ ಹೂಂ ಅಂದೆ. ಈಗ ಹೇಳಬ್ಯಾಡ್ರಿ ಅವರಿಗೆ."

ಕಣ್ಣು ತುಂಬಿಕೊಂಡವು. ಎದುರಿನ ಸೀಟಿನವರು ನೋಡಿದರೂ ಅಡ್ಡಿಯಿಲ್ಲ ಎನ್ನಿಸಿತು. ಆದರೆ ಲೆಕ್ಕದ ಬುದ್ಧಿ ಎಲ್ಲಿ ಹೋಗುತ್ತದೆ? ಕೇಳಿಯೇಬಿಟ್ಟೆ.

"ದಿನಕ್ಕ ಎಷ್ಟು ಸಲ ಅಂತಿದ್ದಿ?"

"ಹೊಟ್ಟಿ ತುಂಬೂ ಮಟ" ಎಂದಳು.